ಒಗ್ಗರಣೆಗೆ ಯಾವ ಎಣ್ಣೆ: ಗಾಣದ್ದೋ, ಪೊಟ್ಟಣದ್ದೋ?

‘ರಿಫೈನ್ಡ್ ಬಿಟ್ಟು ಗಾಣದ ಎಣ್ಣೆಗೆ ಬರಬೇಕೆಂದಿದ್ದೇವೆ. ಕಡಲೆಕಾಯಿಯದೋ, ಕೊಬ್ಬರಿಯದೋ, ಕುಸುಬೆಯದೋ ತಿಳಿಯುತ್ತಿಲ್ಲ. ಬೆಲೆ ಕೇಳಿದರೆ ಕೈ ಹಿಂದಕ್ಕೆ ಬರುತ್ತದೆ.’ ಓದುಗರು ಕೇಳುವ ಪ್ರಶ್ನೆಗಳಲ್ಲಿ ಈ ಧಾಟಿಯವು ಬಹಳ. ಸಹಜ ಆಹಾರದ ಕಡೆಗೆ ಮನಸ್ಸು ಮಾಡಿದ ಮನೆಗಳು ಮೊದಲು ಬದಲಾಯಿಸುವುದು ಎಣ್ಣೆಯನ್ನೇ. ಅದು ಸರಿಯೂ ಹೌದು, ಒಲೆ ಹೊತ್ತಿಸಿದಾಗಲೆಲ್ಲ ಬಾಣಲೆಗೆ ಬೀಳುವ ಪದಾರ್ಥ ಅದು. ತೊಂದರೆ ಇರುವುದು ಸಲಹೆ ಕೊಡುವವರಲ್ಲಿ. ಒಂದು ಕಡೆಯವರು ರಿಫೈನ್ಡ್ ಎಂದರೆ ವಿಷ ಎನ್ನುತ್ತಾರೆ. ಇನ್ನೊಂದು ಕಡೆಯವರು ಪೊಟ್ಟಣದ ಮೇಲೆ ಕೆಂಪು ಹೃದಯ ಮುದ್ರಿಸುತ್ತಾರೆ. ಎರಡೂ ಕಡೆಯವರು ಎಣ್ಣೆ ಮಾರುವವರೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಎಣ್ಣೆ ಎಂಬುದು ಮೊದಲ ಪ್ರಶ್ನೆ, ಯಾವ ಕಾಳಿನದು ಎಂಬುದು ಎರಡನೆಯದು, ಹೇಗೆ ಹಿಂಡಿದ್ದು ಎಂಬುದು ಮೂರನೆಯದು. ಗಾಣವೋ ರಿಫೈನ್ಡೋ ಎಂಬ ಜಗಳವೆಲ್ಲ ಈ ಮೂರನೆಯ ಪ್ರಶ್ನೆಯ ಸುತ್ತಲಿನದು.

ಎಷ್ಟು ಎಂಬುದು ಬೇಗ ಮುಗಿಯುವ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ದಿನಕ್ಕೆ 2000 ಕಿಲೋಕ್ಯಾಲೊರಿ ಉಣ್ಣುವ ವಯಸ್ಕರಿಗೆ ಎಣ್ಣೆ, ತುಪ್ಪ ಎಲ್ಲ ಸೇರಿ ಸುಮಾರು 27 ಗ್ರಾಂ ಎನ್ನುತ್ತದೆ. ಅಂದರೆ ಊಟದ ದೊಡ್ಡ ಚಮಚದಲ್ಲಿ ಎರಡು. ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಮೂರೂಕಾಲು ಕಿಲೋ, ಎಂದರೆ ಮೂರೂವರೆ ಲೀಟರು ಮೀರಬಾರದು. ಹೊರಗೆ ತಿನ್ನುವ ಮಸಾಲೆ ದೋಸೆ, ಬೇಕರಿಯ ಪಫ್ಸ್, ತಂದಿಟ್ಟ ಚಕ್ಕುಲಿ ಪೊಟ್ಟಣ ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ನಿಮ್ಮ ಮನೆಗೆ ತಿಂಗಳಿಗೆ ಐದು ಲೀಟರಿನ ಕ್ಯಾನು ಬರುತ್ತಿದ್ದರೆ, ಅದರೊಳಗೆ ಯಾವ ಎಣ್ಣೆ ಇದೆ ಎಂಬುದಕ್ಕಿಂತ ಆ ಕ್ಯಾನಿನ ಗಾತ್ರದ ಬಗ್ಗೆ ಮೊದಲು ಯೋಚಿಸಬೇಕು.

ಯಾವುದರಿಂದ ಅಳೆಯುವುದು

ಎಣ್ಣೆಗಳನ್ನು ಹೋಲಿಸಲು ನಾನು ಐದು ಸಂಗತಿಗಳನ್ನು ನೋಡುತ್ತೇನೆ. ಮೊದಲನೆಯದು ಕೊಬ್ಬಿನ ಬಗೆ. ಪ್ರತಿಯೊಂದು ಎಣ್ಣೆಯಲ್ಲೂ ಸ್ಯಾಚುರೇಟೆಡ್ (ಪರ್ಯಾಪ್ತ) ಕೊಬ್ಬು, ಮುಫಾ ಅಂದರೆ ಮೊನೊಅನ್‌ಸ್ಯಾಚುರೇಟೆಡ್ ಕೊಬ್ಬು, ಪುಫಾ ಅಂದರೆ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬು ಎಂಬ ಮೂರೂ ಇರುತ್ತವೆ, ಪಾಲು ಮಾತ್ರ ಬೇರೆ ಬೇರೆ. ಸ್ಯಾಚುರೇಟೆಡ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು (ಎಲ್‌ಡಿಎಲ್) ಏರಿಸುತ್ತದೆ. ಅದರ ಜಾಗದಲ್ಲಿ ಮಿಕ್ಕೆರಡನ್ನು ತಂದರೆ ಅದು ಇಳಿಯುತ್ತದೆ. ಎರಡನೆಯದು ಕಾವು ತಡೆಯುವ ಗುಣ. ಪುಫಾ ಹೆಚ್ಚಿದಷ್ಟೂ ಎಣ್ಣೆ ಕಾವಿಗೆ ಮತ್ತು ಗಾಳಿಗೆ ಬೇಗ ಕೆಡುತ್ತದೆ. ಮೂರನೆಯದು ಶುದ್ಧತೆ, ನಾಲ್ಕನೆಯದು ಬೆಲೆ. ಐದನೆಯದು ರುಚಿ. ರುಚಿಯನ್ನು ಆರೋಗ್ಯದ ಪಟ್ಟಿಯಲ್ಲಿ ಯಾಕೆ ಸೇರಿಸಿದೆ ಎಂದರೆ, ಮನೆಯವರ ನಾಲಿಗೆಗೆ ಹಿಡಿಸದ ಎಣ್ಣೆ ಹದಿನೈದು ದಿನದಲ್ಲಿ ಅಟ್ಟ ಸೇರುತ್ತದೆ.

‘ಕೊಲೆಸ್ಟರಾಲ್ ಇಲ್ಲ’ ಎಂಬ ಮುದ್ರೆಯನ್ನು ಮಾನದಂಡ ಮಾಡಿಕೊಳ್ಳಬೇಡಿ. ಸಸ್ಯಜನ್ಯವಾದ ಯಾವ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ.

ಗಾಣ, ಮಿಲ್ಲು, ಕಾರ್ಖಾನೆ

ಎಣ್ಣೆ ನಮ್ಮ ಕೈಗೆ ಮೂರು ದಾರಿಯಲ್ಲಿ ಬರುತ್ತದೆ. ಮರದ ಗಾಣದಲ್ಲಿ ಒರಳಿನೊಳಗೆ ಒನಕೆ ನಿಧಾನವಾಗಿ ಸುತ್ತುತ್ತದೆ, ಕಾಳು ಹೆಚ್ಚು ಬಿಸಿಯಾಗುವುದಿಲ್ಲ. ಈಗ ಎತ್ತಿನ ಗಾಣ ಅಪರೂಪ. ಹೆಚ್ಚಿನವು ಮೋಟಾರಿನವು, ಅದರಿಂದ ಎಣ್ಣೆಗೇನೂ ಕೊರತೆಯಿಲ್ಲ. ಎರಡನೆಯದು ಎಕ್ಸ್‌ಪೆಲ್ಲರ್ ಮಿಲ್ಲು. ಕಬ್ಬಿಣದ ತಿರುಪು ಕಾಳನ್ನು ಒತ್ತಿ ಹಿಂಡುವಾಗ ಕಾವು ಹುಟ್ಟುತ್ತದೆ, ಎಣ್ಣೆ ಹೆಚ್ಚು ಇಳಿಯುತ್ತದೆ, ಸೋಸಿ ಮಾರುತ್ತಾರೆ. ಅಂಗಡಿಯಲ್ಲಿ ‘ಫಿಲ್ಟರ್ಡ್’ ಎಂಬ ಹೆಸರಿನಲ್ಲಿ ಸಿಗುವ ಕಡಲೆಕಾಯಿ ಎಣ್ಣೆ ಇದೇ. ಮೂರನೆಯದು ರಿಫೈನ್ಡ್. ಹಲವು ಕಾಳುಗಳಿಂದ ಹೆಕ್ಸೇನ್ ಎಂಬ ದ್ರಾವಕದ ನೆರವಿನಿಂದ ಎಣ್ಣೆ ತೆಗೆದು, ಅಂಟು ಮತ್ತು ಆಮ್ಲ ಕಳೆದು, ಬಣ್ಣ ತೆಗೆದು, ಕೊನೆಗೆ 200 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಹಬೆ ಹಾಯಿಸಿ ವಾಸನೆ ಕಳೆಯುತ್ತಾರೆ.

ಈ ಕೊನೆಯ ದಾರಿಯಲ್ಲಿ ಪರಿಮಳ ಹೋಗುತ್ತದೆ, ವಿಟಮಿನ್ ‘ಇ’ಯಲ್ಲಿ ಒಂದು ಪಾಲು ಹೋಗುತ್ತದೆ, ಅತಿ ಕಾವಿಗೆ ಕೆಲವು ಬೇಡದ ಸಂಯುಕ್ತಗಳು ಹುಟ್ಟುವುದೂ ಉಂಟು, ತಾಳೆ ಎಣ್ಣೆಯಲ್ಲಂತೂ ಹೆಚ್ಚು. ಇದು ನಿಜ. ಆದರೆ ಹೆಕ್ಸೇನ್ ಸುಮಾರು 69 ಡಿಗ್ರಿಗೇ ಆವಿಯಾಗುವ ದ್ರಾವಕ. ಅದನ್ನು ಹಿಂಪಡೆದು ಮತ್ತೆ ಬಳಸುವುದು ಕಾರ್ಖಾನೆಗೇ ಲಾಭ, ಬಾಟಲಿಯಲ್ಲಿ ಅದು ತುಂಬಿಕೊಂಡಿರುತ್ತದೆ ಎಂಬುದು ಬರೀ ಹೆದರಿಕೆ. ಇನ್ನೊಂದು ಮಾತನ್ನು ಗಾಣದ ಅಭಿಮಾನಿಗಳು ಹೇಳುವುದೇ ಇಲ್ಲ: ರಿಫೈನ್ ಮಾಡುವಾಗ ಕಾಳಿನ ಕೆಟ್ಟದ್ದೂ ಹೋಗುತ್ತದೆ.

ಕಡಲೆಕಾಯಿಯಲ್ಲಿ ಇದು ಮುಖ್ಯ. ತೇವದಲ್ಲಿ ಇಟ್ಟ ಕಡಲೆಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ವರ್ಷಗಟ್ಟಲೆ ದೇಹ ಸೇರಿದರೆ ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ರಿಫೈನ್ ಮಾಡುವಾಗ ಬಳಸುವ ಕ್ಷಾರ ಮತ್ತು ಬಣ್ಣ ತೆಗೆಯುವ ಮಣ್ಣು ಇದನ್ನು ಬಹುಮಟ್ಟಿಗೆ ಕಳೆಯುತ್ತವೆ. ಗಾಣದಲ್ಲಿ ಕಳೆಯುವವರು ಯಾರೂ ಇಲ್ಲ. ಕಾಳು ಕೆಟ್ಟದ್ದಾದರೆ ಎಣ್ಣೆಯೂ ಕೆಟ್ಟದ್ದೇ. ಆದ್ದರಿಂದ ಗಾಣದ ಅಂಗಡಿಗೆ ಹೋದಾಗ ಎಣ್ಣೆಯ ಬಣ್ಣ ನೋಡುತ್ತ ನಿಲ್ಲಬೇಡಿ, ಮೂಲೆಯಲ್ಲಿರುವ ಕಾಳಿನ ಚೀಲಕ್ಕೆ ಕೈಹಾಕಿ. ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಹರಡಿ ನೋಡಿ. ಸುಕ್ಕುಗಟ್ಟಿದ, ಕಪ್ಪಿಟ್ಟ, ಹಸಿರು ಅಥವಾ ಹಳದಿ ಪುಡಿ ಮೆತ್ತಿಕೊಂಡ ಬೀಜ ಕಂಡರೆ, ಒಂದನ್ನು ಸೀಳಿದಾಗ ಬೇಳೆಯ ನಡುವೆ ಬೂದುಬಣ್ಣ ಕಂಡರೆ, ಅಲ್ಲಿಂದ ಬರಿಗೈಯಲ್ಲಿ ಹೊರಡಿ. ಚೀಲ ತೋರಿಸಲು ಒಪ್ಪದ ಅಂಗಡಿಯಾದರೂ ಅಷ್ಟೇ.

ಬೆಲೆಯ ಕಡೆಯಿಂದಲೂ ಒಂದು ಪರೀಕ್ಷೆ ಇದೆ. ಗಾಣದಲ್ಲಿ ಒಂದು ಲೀಟರು ಕಡಲೆಕಾಯಿ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಬೀಜ ಬೇಕು. ಬೀಜದ ಬೆಲೆ ಕಿಲೋಗೆ 130 ರೂಪಾಯಿ ಎಂದಿಟ್ಟುಕೊಳ್ಳಿ, ಬೀಜಕ್ಕೇ 325 ರೂಪಾಯಿ ಆಯಿತು. ಒಂದೂವರೆ ಕಿಲೋ ಹಿಂಡಿ ಉಳಿಯುತ್ತದೆ, ಅದನ್ನು ದನದ ಮೇವಿಗೆ ಮಾರಿದರೆ ಐವತ್ತು ಅರವತ್ತು ರೂಪಾಯಿ ಬಂತೆನ್ನೋಣ. ಕೂಲಿ, ಕರೆಂಟು, ಬಾಟಲಿ ಸೇರಿಸಿದರೆ ಲೀಟರಿಗೆ 300ರ ಕೆಳಗೆ ಕೊಟ್ಟರೆ ಗಾಣದವನಿಗೆ ನಷ್ಟ. ಹಾಗಿದ್ದೂ ಯಾರಾದರೂ ‘ಶುದ್ಧ ಗಾಣದ ಎಣ್ಣೆ’ಯನ್ನು 220ಕ್ಕೆ ಕೊಡುತ್ತಿದ್ದರೆ ಅದಕ್ಕೆ ಅಗ್ಗದ ಬೇರೆ ಎಣ್ಣೆ ಬೆರೆತಿದೆ ಎಂದೇ ತಿಳಿಯಿರಿ. ನಿಮ್ಮ ಊರಿನ ಅಂದಿನ ಬೀಜದ ಬೆಲೆ ಹಾಕಿ ಈ ಲೆಕ್ಕವನ್ನು ನೀವೇ ಮಾಡಬಹುದು. ಕೊಬ್ಬರಿಗಾದರೆ ಎರಡೂವರೆ ಕಿಲೋ ಬೇಡ, ಒಂದೂಮುಕ್ಕಾಲರ ಆಸುಪಾಸು ಸಾಕು.

ಇನ್ನು ಕಾಳಿನ ವಿಚಾರ

ಕಡಲೆಕಾಯಿ ಎಣ್ಣೆ, ಉತ್ತರದವರ ಶೇಂಗಾ ಎಣ್ಣೆ, ನನ್ನ ಪಟ್ಟಿಯಲ್ಲಿ ಮೊದಲು ನಿಲ್ಲುತ್ತದೆ. ಸ್ಯಾಚುರೇಟೆಡ್ ಕೊಬ್ಬು ಐದನೇ ಒಂದು ಪಾಲಿಗಿಂತ ಕಡಿಮೆ, ಮುಫಾ ಅರ್ಧದ ಹತ್ತಿರ, ಉಳಿದದ್ದು ಪುಫಾ. ಮುಫಾ ಹೆಚ್ಚಿರುವುದರಿಂದ ಕಾವಿಗೂ ತಕ್ಕಮಟ್ಟಿಗೆ ಬಾಳುತ್ತದೆ. ಚಿತ್ರದುರ್ಗ, ಪಾವಗಡ, ಬಳ್ಳಾರಿ ಕಡೆಯ ಒಣಭೂಮಿಯಲ್ಲಿ ಬೆಳೆಯುವ ಕಾಳು, ದೂರದಿಂದ ಬರಬೇಕಿಲ್ಲ. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದೇ ಕಡಲೆಕಾಯಿ ಮಿಲ್ಲುಗಳಿಂದ. ಚಿತ್ರಾನ್ನ, ಪಲ್ಯ, ಸಾರಿನ ಒಗ್ಗರಣೆ, ರೊಟ್ಟಿಯ ಜೊತೆಗಿನ ಎಣ್ಣೆಗಾಯಿ ಎಲ್ಲಕ್ಕೂ ಒಗ್ಗುತ್ತದೆ. ಒಂದೇ ಎಣ್ಣೆ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ನನ್ನ ಉತ್ತರ ಇದೇ. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದ್ದರೆ ಮಾತ್ರ ಇದು ಸುತರಾಂ ಬೇಡ. ಗಾಣದ ಎಣ್ಣೆಯಲ್ಲಿ ಕಾಳಿನ ಪ್ರೋಟೀನು ಉಳಿದಿರುತ್ತದೆ, ಅಲರ್ಜಿ ಕೆರಳಿಸುವುದು ಅದೇ.

ಕೊಬ್ಬರಿ ಎಣ್ಣೆಯ ವಿಷಯಕ್ಕೆ ಬಂದರೆ ಮಾತು ಉದ್ದವಾಗುತ್ತದೆ, ಯಾಕೆಂದರೆ ಇಲ್ಲಿ ಅಭಿಮಾನ ಮತ್ತು ಅಂಕಿ ಎರಡೂ ಎದುರುಬದುರು ನಿಂತಿವೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಚುರೇಟೆಡ್ ಕೊಬ್ಬು. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಬಗೆಯದು. ಇದೇ ಕಾರಣಕ್ಕೆ ಅದು ಬೇಗ ಕಮಟುವುದಿಲ್ಲ, ಕಾವಿಗೆ ಬೇಗ ಒಡೆಯುವುದಿಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟುವುದೂ ಇದೇ ಕಾರಣಕ್ಕೆ. ಆದರೆ ಮಿಕ್ಕ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಏರಿಸುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. 2017ರಲ್ಲಿ ಅಮೆರಿಕದ ಹೃದಯ ಸಂಘ ಅದನ್ನು ಬಳಸದಿರಿ ಎಂದೇ ಸಲಹೆ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸ್ಯಾಚುರೇಟೆಡ್ ಕೊಬ್ಬು ನಮ್ಮ ಒಟ್ಟು ಕ್ಯಾಲೊರಿಯ ಶೇ 10ರ ಒಳಗಿರಬೇಕು, ಅಂದರೆ 2000 ಕಿಲೋಕ್ಯಾಲೊರಿಗೆ ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲೇ 12 ಗ್ರಾಂ ಬಂದಿರುತ್ತದೆ. ಹಾಲು, ತುಪ್ಪ, ತೆಂಗಿನತುರಿಯ ಲೆಕ್ಕ ಇನ್ನೂ ಬಾಕಿ.

‘ನಮ್ಮ ಅಜ್ಜ ಅಜ್ಜಿ ತಿಂದು ತೊಂಬತ್ತು ಬಾಳಲಿಲ್ಲವೇ?’ ಎಂದು ಕರಾವಳಿಯವರು ಕೇಳಬಹುದು. ಅವರು ತಿಂದದ್ದು ಕುಚ್ಚಲಕ್ಕಿ ಗಂಜಿ, ಸೊಪ್ಪು, ಮೀನು. ದಿನವಿಡೀ ಗದ್ದೆಯಲ್ಲಿ ದುಡಿದರು. ಎಣ್ಣೆ ಬಿದ್ದದ್ದು ಒಗ್ಗರಣೆಗೆ ಒಂದು ಹನಿ. ಆ ಬದುಕನ್ನು ಬಿಟ್ಟು ಎಣ್ಣೆಯನ್ನು ಮಾತ್ರ ಉಳಿಸಿಕೊಂಡರೆ ಲೆಕ್ಕ ತಾಳೆಯಾಗುವುದಿಲ್ಲ. ಹಾಗೆಂದು ತಂಬುಳಿಗೆ, ಮೀನಿನ ಸಾರಿಗೆ, ಪತ್ರೊಡೆಗೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಹಾಕಿ ಎಂದು ನಾನು ಹೇಳಲಾರೆ. ಪರಿಮಳ ಬೇಕಾದಲ್ಲಿ ಚಿಕ್ಕ ಚಮಚದಲ್ಲಿ ಹಾಕಿ, ದಿನದ ಮುಖ್ಯ ಎಣ್ಣೆ ಬೇರೆ ಇರಲಿ. ಕೊಲೆಸ್ಟರಾಲ್ ಏರಿದವರು, ಹೃದಯದ ಕಾಯಿಲೆ ಇರುವವರು ಅದಕ್ಕೂ ಮೊದಲು ವೈದ್ಯರನ್ನು ಕೇಳಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಕುಡಿಯುವ ಹೊಸ ಪದ್ಧತಿಗೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಕೊಳ್ಳುವಾಗ ಕೊಬ್ಬರಿಗೆ ಗಂಧಕದ ಹೊಗೆ ಕೊಟ್ಟಿದ್ದಾರೆಯೇ ಎಂದು ಕೇಳಿ. ಬೂಷ್ಟು ತಡೆಯಲು, ಬಿಳುಪು ಉಳಿಸಲು ಹಾಗೆ ಮಾಡುವವರಿದ್ದಾರೆ.

ಎಳ್ಳೆಣ್ಣೆ ಗುಣದಲ್ಲಿ ಕಡಲೆಕಾಯಿ ಎಣ್ಣೆಗೆ ಸಮ, ಸ್ಯಾಚುರೇಟೆಡ್ ಕೊಬ್ಬು ಇನ್ನೂ ಕಡಿಮೆ. ಎಳ್ಳಿನಲ್ಲಿರುವ ಸೆಸಮಾಲ್‌ನಂಥ ಸಂಯುಕ್ತಗಳು ಎಣ್ಣೆ ಬೇಗ ಕಮಟದಂತೆ ಕಾಯುತ್ತವೆ. ಉಪ್ಪಿನಕಾಯಿಗೂ ಪುಳಿಯೋಗರೆಯ ಗೊಜ್ಜಿಗೂ ಹಿಂದಿನವರು ಇದನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಅಡ್ಡಿ ಎರಡು: ಬೆಲೆ ಜಾಸ್ತಿ, ವಾಸನೆ ಗಾಢ. ಗಾಣದಲ್ಲಿ ಎಳ್ಳಿಗೆ ಬೆಲ್ಲ ಹಾಕಿ ಹಿಂಡುವ ರೂಢಿಯೂ ಇದೆ. ಅದು ಕಲಬೆರಕೆಯಲ್ಲ, ಎಣ್ಣೆ ಬೇರ್ಪಡಲು ಮಾಡುವ ಉಪಾಯ.

ಕುಸುಬೆ ಎಣ್ಣೆ ವಿಜಯಪುರ, ಕಲಬುರಗಿ, ಗದಗ ಸೀಮೆಯ ಎರೆಹೊಲದ ಕೊಡುಗೆ. ಮಾಮೂಲಿ ತಳಿಯ ಕುಸುಬೆಯಲ್ಲಿ ಮುಕ್ಕಾಲು ಪಾಲು ಪುಫಾ, ಸ್ಯಾಚುರೇಟೆಡ್ ಕೊಬ್ಬು ಹತ್ತನೇ ಒಂದು ಪಾಲಿಗಿಂತ ಕಡಿಮೆ. ಕೊಲೆಸ್ಟರಾಲ್ ದೃಷ್ಟಿಯಿಂದ ಒಳ್ಳೆಯದು, ಕಾವಿನ ದೃಷ್ಟಿಯಿಂದ ಅಲ್ಲ. ಗಾಣದ ಕುಸುಬೆ ಎಣ್ಣೆಯಲ್ಲಿ ಬಜ್ಜಿ ಕರಿಯುವುದು ಎಣ್ಣೆಗೂ ನಷ್ಟ, ದೇಹಕ್ಕೂ ನಷ್ಟ. ಅದರ ಸರಿಯಾದ ಬಳಕೆ ಆ ಸೀಮೆಯ ಊಟದಲ್ಲೇ ಇದೆ: ಜೋಳದ ರೊಟ್ಟಿಯ ಪಕ್ಕ ಚಟ್ನಿಪುಡಿ ಹಾಕಿ, ನಡುವೆ ಬೆರಳಿನಿಂದ ಕುಳಿ ಮಾಡಿ ಹಸಿ ಎಣ್ಣೆ ಬಿಟ್ಟುಕೊಂಡು ಕಲಸುವುದು. ಒಲೆಯ ಕಾವೇ ತಾಗದ ಇಂಥ ಕಡೆ ಗಾಣದ ಎಣ್ಣೆಗೆ ಕೊಟ್ಟ ಹಣ ಪೂರ್ತಿ ವಸೂಲಿ. ಗಿರ್ಮಿಟ್, ಹಚ್ಚಿದ ಅವಲಕ್ಕಿ, ಕೋಸಂಬರಿಗೂ ಇದೇ ಮಾತು. ಹುಚ್ಚೆಳ್ಳಿನ ಎಣ್ಣೆಯೂ ಪುಫಾ ಹೆಚ್ಚಿರುವ ಇದೇ ಜಾತಿಯದು. ಸಿಗುವುದೇ ಕಷ್ಟ, ಸಿಕ್ಕರೆ ಸ್ವಲ್ಪ ತಂದು ಬೇಗ ಮುಗಿಸಿ.

ಸೂರ್ಯಕಾಂತಿ ಎಣ್ಣೆಯ ವಿಷಯದಲ್ಲಿ ಹೇಳುವುದು ಕಡಿಮೆ. ಪುಫಾ ಅರ್ಧಕ್ಕಿಂತ ಹೆಚ್ಚು, ರುಚಿ ಇಲ್ಲ, ಬಣ್ಣ ಇಲ್ಲ, ಬೆಲೆ ಎಟುಕುವಂಥದ್ದು. ಕರ್ನಾಟಕ ಒಂದು ಕಾಲಕ್ಕೆ ಸೂರ್ಯಕಾಂತಿಯ ತವರು. ಈಗ ದೇಶಕ್ಕೆ ಬೇಕಾದ ಎಣ್ಣೆಯ ಬಹುಪಾಲು ರಷ್ಯಾ, ಉಕ್ರೇನ್ ಕಡೆಯಿಂದ ಬರುತ್ತದೆ. 2022ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಬೆಲೆ ಏರಿದ್ದು ಅದಕ್ಕೇ. ಮಿತವಾಗಿ ಬಳಸಿದರೆ ದೋಷವಿಲ್ಲ. ಅದರಲ್ಲಿ ಕರಿದು, ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಿದರೆ ದೋಷ. ಅಕ್ಕಿ ತವುಡಿನ ಎಣ್ಣೆ ಕಾವಿಗೆ ಇದಕ್ಕಿಂತ ಗಟ್ಟಿ, ಒರೈಜನಾಲ್ ಎಂಬ ಒಳ್ಳೆಯ ಅಂಶವೂ ಉಂಟು. ಗಾಣದಲ್ಲಿ ಅದನ್ನು ತೆಗೆಯಲಾಗದು. ದ್ರಾವಕ ಮತ್ತು ರಿಫೈನಿಂಗ್ ಅನಿವಾರ್ಯ. ‘ಸಹಜ’ ಎಂಬ ಹಣೆಪಟ್ಟಿಗಾಗಿಯೇ ಹಟ ಹಿಡಿದವರಿಗೆ ಅದು ಆಗದು. ಹಬ್ಬದ ದಿನ ಕರಿಯಲು ಅದು ಸಾಕಷ್ಟು ಒಳ್ಳೆಯ ಆಯ್ಕೆ ಎಂದು ನನ್ನ ಎಣಿಕೆ. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಮನೆಗೆ ತರದಿದ್ದರೂ ಬಿಸ್ಕತ್ತು, ಮಿಕ್ಸ್ಚರಿನ ಪೊಟ್ಟಣಗಳಲ್ಲಿ ಅದು ಸಾಕಷ್ಟು ನಮ್ಮೊಳಗೆ ಸೇರುತ್ತಿದೆ.

ಬೆರಕೆ ಎಣ್ಣೆಯ ಪೊಟ್ಟಣ ಕೊಳ್ಳುವವರು ಹಿಂಬದಿಯನ್ನು ಓದಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದ ಪ್ರಕಾರ ಬೆರೆಸಿದ ಪ್ರತಿಯೊಂದು ಎಣ್ಣೆ ಕನಿಷ್ಠ ಶೇ 20 ಇರಬೇಕು. ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿರುವ ಹೆಸರು ಒಳಗೆ ಶೇ 20 ಮಾತ್ರ ಇದ್ದು ಉಳಿದದ್ದು ಅಗ್ಗದ ಎಣ್ಣೆಯಾಗಿರುವ ಸಾಧ್ಯತೆ ಇದೆ.

ಯಾರಿಗೆ ಯಾವುದು

ತಿಂಗಳ ಎಣ್ಣೆಯ ಖರ್ಚು ಒಂದು ರೂಪಾಯಿಯೂ ಏರಬಾರದು ಎನ್ನುವವರಿಗೆ ಎರಡು ದಾರಿ. ಲೀಟರಿಗೆ 150ರಂತೆ ನಾಲ್ಕು ಲೀಟರು ತರುತ್ತಿದ್ದೀರಿ ಎಂದುಕೊಂಡರೆ 600 ರೂಪಾಯಿ. ಅದೇ ದುಡ್ಡಿಗೆ 300ರ ಗಾಣದ ಎಣ್ಣೆ ಎರಡು ಲೀಟರು ಬರುತ್ತದೆ. ಎರಡರಲ್ಲಿ ನಡೆಸಬಲ್ಲಿರಾದರೆ ಗಾಣಕ್ಕೆ ಹೋಗಿ. ಮೂವರು ಅಥವಾ ನಾಲ್ವರ ಮನೆಯಲ್ಲಿ, ಕರಿಯುವುದನ್ನು ಹಬ್ಬಕ್ಕೆ ಮೀಸಲಿಟ್ಟರೆ, ಇದು ಆಗದ ಮಾತಲ್ಲ. ನಡೆಸಲಾರಿರಾದರೆ ರಿಫೈನ್ಡ್ ಎಣ್ಣೆಯನ್ನೇ ಮೂರು ಲೀಟರಿಗೆ ಇಳಿಸಿ, ಉಳಿದ 150 ರೂಪಾಯಿಗೆ ಅರ್ಧ ಲೀಟರು ಗಾಣದ ಎಣ್ಣೆ ತಂದು ಹಸಿಯಾಗಿ ಬಳಸುವಲ್ಲಿಗೆ ಮಾತ್ರ ಇಟ್ಟುಕೊಳ್ಳಿ. ಈ ಎರಡನೆಯ ದಾರಿ ಕೀಳಾದದ್ದಲ್ಲ. ಗಾಣದ ಎಣ್ಣೆಯ ಪರಿಮಳ, ವಿಟಮಿನ್ ಎಲ್ಲ ಕಾಯಿಸಿದಾಗ ಹೇಗೂ ಒಂದು ಪಾಲು ಹೋಗುವಂಥವು.

ಖರ್ಚಿಗೆ ಸ್ವಲ್ಪ ಆಸ್ಪದ ಇದ್ದವರು ಎರಡು ಎಣ್ಣೆ ಇಟ್ಟುಕೊಳ್ಳಿ: ದಿನದ ಅಡುಗೆಗೆ ಗಾಣದ ಕಡಲೆಕಾಯಿ ಎಣ್ಣೆ, ಜೊತೆಗೆ ನಿಮ್ಮ ಸೀಮೆಯ ರುಚಿಯದು ಒಂದು. ಕರಾವಳಿ ಮಲೆನಾಡಿನವರಿಗೆ ಅದು ಕೊಬ್ಬರಿ, ಉತ್ತರದವರಿಗೆ ಕುಸುಬೆ, ಮೈಸೂರು ಕಡೆಯವರಿಗೆ ಎಳ್ಳು. ಎಣ್ಣೆಗಳನ್ನು ಬದಲಿಸುತ್ತ ಬಳಸಿ ಎಂಬ ಪೋಷಣ ತಜ್ಞರ ಮಾತೂ ಹೀಗೆ ತಾನಾಗಿ ನಡೆಯುತ್ತದೆ. ದೇಹಕ್ಕೆ ಬೇಕಾದ ಒಮೆಗಾ-3 ಎಂಬ ಬಗೆಯ ಪುಫಾ ಮಾತ್ರ ಈ ಯಾವುದರಲ್ಲೂ ಹೇಳಿಕೊಳ್ಳುವಷ್ಟಿಲ್ಲ. ಅದಕ್ಕೆ ಅಗಸೆ ಎಣ್ಣೆಯ ದುಬಾರಿ ಬಾಟಲಿ ಬೇಡ, ಅಗಸೆ ಚಟ್ನಿಪುಡಿ ಸಾಕು. ಪುಡಿಯನ್ನೇ ತಿನ್ನಿ, ಇಡೀ ಕಾಳು ಅರಗದೆ ಹಾಗೇ ಹೋಗುತ್ತದೆ.

ಕರಿಯುವ ಚಾಳಿ ಬಿಡಲಾಗದ ಮನೆಗೆ ಫಿಲ್ಟರ್ಡ್ ಅಥವಾ ರಿಫೈನ್ಡ್ ಕಡಲೆಕಾಯಿ ಎಣ್ಣೆ, ಇಲ್ಲವೇ ತವುಡಿನ ಎಣ್ಣೆ. ಬಾಣಲೆ ಚಿಕ್ಕದಿರಲಿ, ಎಣ್ಣೆ ಕಡಿಮೆ ಹಿಡಿಯುತ್ತದೆ. ಉಳಿದದ್ದನ್ನು ಸೋಸಿಟ್ಟು ಒಂದೆರಡು ದಿನದಲ್ಲಿ ಪಲ್ಯಕ್ಕೆ ಬಳಸಿ ಮುಗಿಸಿ, ಮತ್ತೆ ಕರಿಯಲು ಇಡಬೇಡಿ. ಹೋಟೆಲುಗಳಿಗೂ 2018ರ ಜುಲೈನಿಂದ ಇಂಥದೊಂದು ಮಿತಿ ಇದೆ: ಕಾಯಿಸಿ ಕಾಯಿಸಿ ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವ ಯಂತ್ರವಿಲ್ಲ. ಬಣ್ಣ ಕಪ್ಪಾದರೆ, ನೊರೆ ಕಟ್ಟಿದರೆ, ಮೊದಲಿಗಿಂತ ಬೇಗ ಹೊಗೆಯಾಡಿದರೆ ಚೆಲ್ಲಿ.

ಒಬ್ಬರೇ ಇರುವವರು, ಬಾಡಿಗೆ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಅಡುಗೆ ಮಾಡುವವರು ದೊಡ್ಡ ಬಾಟಲಿಯ ಆಸೆಗೆ ಬೀಳಬೇಡಿ. ಗಾಣದ ಎಣ್ಣೆ ಎರಡು ಮೂರು ತಿಂಗಳಲ್ಲಿ ಮುಗಿಯಬೇಕು, ಕುಸುಬೆಯಾದರೆ ಅದಕ್ಕೂ ಬೇಗ. ಹಿಂಡಿದ ದಿನಾಂಕ ಕೇಳಿ ಅರ್ಧ ಲೀಟರು ತನ್ನಿ. ತಳದಲ್ಲಿ ತೆಳುವಾಗಿ ಗಸಿ ಕೂತಿದ್ದರೆ ಗಾಬರಿ ಬೇಡ, ತಿಳಿಯಾದದ್ದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಒಲೆಯ ಪಕ್ಕದ ಕಟ್ಟೆ ಕೈಗೆ ಹತ್ತಿರವಾದರೂ ಎಣ್ಣೆಗೆ ಅದು ಕೆಟ್ಟ ಜಾಗ. ಸ್ಟೀಲಿನ ಡಬ್ಬಿಯಲ್ಲೋ ಬಣ್ಣದ ಗಾಜಿನ ಬಾಟಲಿಯಲ್ಲೋ ಹಾಕಿ ಕಪಾಟಿನೊಳಗಿಡಿ. ಹಳೆಯ ಎಣ್ಣೆ ತಳದಲ್ಲಿರುವಾಗಲೇ ಹೊಸದನ್ನು ಸುರಿಯಬೇಡಿ, ಕಮಟಿದ ಒಂದು ಚಮಚ ಹೊಸ ಅರ್ಧ ಲೀಟರನ್ನೂ ಬೇಗ ಕೆಡಿಸುತ್ತದೆ. ಡಬ್ಬಿಯನ್ನು ಸೀಗೆಪುಡಿಯಲ್ಲೋ ಸೋಪಿನಲ್ಲೋ ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ ತುಂಬಿ.